ಜೋಡಿ ಕೂರದ ನಾಲ್ಕು

ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ಅವಳು ಎಲ್ಲರಿಗೂ 'ನಾರ್ಮಲ್ ಅಕ್ಕ'. ಸ್ವಭಾವ ನೋಡಿ ಇಟ್ಟ ಹೆಸರಲ್ಲ. ಸ್ವಭಾವ ನೋಡಿದ್ದರೆ ಬೇರೇನಾದರೂ ಇಡುತ್ತಿದ್ದರು. ಹೆಸರು ಬಂದದ್ದು ಅವಳ ಎಡಗೈಯಿಂದ. ಹೊಸ ಔಷಧಿಯ ಬಾಟಲಿ ಬಂದರೆ, ಹೊಸ ಬಣ್ಣ ಬಂದರೆ, ರಕ್ತ ಬೆಳೆಸುವ ಬಿಸಿಪೆಟ್ಟಿಗೆ ರಿಪೇರಿಯಾಗಿ ಬಂದರೆ, ರೋಗಿಗಳದ್ದನ್ನು ಇಡುವ ಮೊದಲು ಲ್ಯಾಬಿನವರದ್ದೇ ಸ್ವಲ್ಪ ರಕ್ತ ಇಟ್ಟು ಎಲ್ಲ ಸರಿಯಿದೆಯೇ ಎಂದು ನೋಡಿಕೊಳ್ಳುವುದು ಅಲ್ಲಿನ ರೂಢಿ. ಊರಿಗೆಲ್ಲ ಸೂಜಿ ಚುಚ್ಚುವ ಆ ಮಹಾನುಭಾವರಿಗೆ ತಮ್ಮ ಕೈಗೆ ಸೂಜಿ ಅಂದರೆ ಮಾತ್ರ ತಲೆ ತಿರುಗುತ್ತಿತ್ತು. ಹಾಗಾಗಿ ಪ್ರತಿ ಸಲವೂ ತೋಳು ಮಡಚಿ ಕೂರುತ್ತಿದ್ದವಳು ಅಕ್ಕ. ಸೀಸೆಯ ಚೀಟಿಯಲ್ಲಿ ಹೆಸರಿನ ಜಾಗದಲ್ಲಿ 'ನಾರ್ಮಲ್' ಎಂದು ಬರೆಯುತ್ತಿದ್ದರು. ಬರೆದು ಬರೆದು ಅದೇ ಅವಳ ಹೆಸರಾಯಿತು.

ಅವಳ ಕೆಲಸ ಜೋಡಿ ಕೂರಿಸುವುದು. ಮೂರು ದಿನ ಬಿಸಿಪೆಟ್ಟಿಗೆಯಲ್ಲಿ ಬೆಳೆದ ರಕ್ತದ ಜೀವಕೋಶಗಳು ಒಡೆದು ಎರಡಾಗಲು ಹೊರಟ ಗಳಿಗೆಯಲ್ಲಿ ಅವನ್ನು ತಡೆದು ನಿಲ್ಲಿಸಿ, ಗಾಜಿನ ಪಟ್ಟಿಯ ಮೇಲೆ ತೊಟ್ಟಿಕ್ಕಿಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ಫೋಟೋ ತೆಗೆಯುತ್ತಿದ್ದರು. ಫೋಟೋ ತುಂಬ ಕ್ರೋಮೋಸೋಮುಗಳು ಚೆಲ್ಲಿದ ಕಡ್ಡಿಗಳ ಹಾಗೆ ಬಿದ್ದಿರುತ್ತಿದ್ದವು. ಒಟ್ಟು ನಲವತ್ತಾರು. ಅಕ್ಕ ಒಂದೊಂದನ್ನೇ ಸಣ್ಣ ಕತ್ತರಿಯಿಂದ ಕತ್ತರಿಸಿಕೊಂಡು, ಉದ್ದ ನೋಡಿ, ಸೊಂಟದ ಹಾಗೆ ಸಣ್ಣಗಾದ ಜಾಗ ಎಲ್ಲಿದೆ ನೋಡಿ, ಅಪ್ಪನಿಂದ ಬಂದದ್ದರ ಪಕ್ಕ ಅಮ್ಮನಿಂದ ಬಂದದ್ದನ್ನು ಇಟ್ಟು, ಇಪ್ಪತ್ಮೂರು ಜೋಡಿ ಮಾಡಿ ರಟ್ಟಿಗೆ ಅಂಟಿಸುತ್ತಿದ್ದಳು. ಇಷ್ಟೊಂದು ಜೋಡಿ ಕೂರಿಸಿದ ದಲ್ಲಾಳಿ ತನಗೊಂದು ಕೂರಿಸಿಕೊಳ್ಳಲಿಲ್ಲವಲ್ಲ ಎಂದು ಯಾರಾದರೂ ಕಾಲೆಳೆದರೆ, ಕಮಿಷನ್ನು ಸಾಲಲಿಲ್ಲ ಎನ್ನುತ್ತಿದ್ದಳು.

ಅವಳ ಕೋಣೆಗೆ ಒಂದೇ ಕಿಟಕಿ. ಅದನ್ನೂ ಧೂಳು ಬರಬಾರದೆಂದು ಯಾವ ಕಾಲದಲ್ಲೋ ಮೊಳೆ ಹೊಡೆದು ಮುಚ್ಚಿದ್ದರು. ಮೇಜಿನ ಎದುರಿನ ಗೋಡೆಗೆ ಚೌಕಟ್ಟು ಹಾಕಿದ ಒಂದು ರಟ್ಟು. ಕೆಲಸ ಕಲಿಯಲು ಬಂದವರಿಗೆಲ್ಲ ದೊಡ್ಡ ಡಾಕ್ಟರಮ್ಮ ಅದನ್ನು ತೋರಿಸಿ, "ನಾರ್ಮಲ್ ಅಂದ್ರೆ ಹೀಗಿರುತ್ತೆ, ನೋಡಿಕೊಳ್ಳಿ" ಎನ್ನುತ್ತಿದ್ದರು. ಅದು ಅಕ್ಕನ ರಕ್ತದ್ದೇ. ಮನುಷ್ಯರೆಲ್ಲ ತನ್ನ ಹಾಗಿರಬೇಕು ಎಂದು ಗೋಡೆಗೆ ನೇತುಹಾಕಿಸಿಕೊಂಡವರು ಎಷ್ಟು ಜನ ಇದ್ದಾರೆ ಹೇಳಿ. ಅಕ್ಕನಿಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯಿತ್ತು, ಯಾಕೆ ಸುಳ್ಳು ಹೇಳಬೇಕು.

ಆ ಹೆಮ್ಮೆಯೇ ಮನೆಯಲ್ಲಿ ಕಿತಾಪತಿ ಮಾಡಿತು.

ಮನೆಯೆಂದರೆ ಮೂರನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಅದರಲ್ಲಿ ನಾಲ್ಕು ಜನ. ಒಬ್ಬರು ಸೀನಿದರೆ ಮೂವರಿಗೆ ಕೇಳುವಷ್ಟು ಜಾಗ. ಅಮ್ಮ ಕಾಲುಚೀಲದ ಮಿಲ್ಲಿನಲ್ಲಿ ಮೂವತ್ತು ವರ್ಷ ಕಾಲುಚೀಲಗಳ ಜೋಡಿ ಕಟ್ಟಿ ನಿವೃತ್ತಳಾದವಳು. ರಾಶಿಯಿಂದ ಒಂದು ಚೀಲ ಎತ್ತಿ, ಹಿಮ್ಮಡಿ ನೋಡಿ, ಪಟ್ಟೆ ನೋಡಿ, ಅದರ ಜೊತೆಗಾರನನ್ನು ಕಣ್ಣು ಮಿಟುಕಿಸುವುದರಲ್ಲಿ ಹೆಕ್ಕುತ್ತಿದ್ದಳಂತೆ. ಮಗಳ ಕೆಲಸ ಎಂಥದ್ದೆಂದು ಕೇಳಿದವರಿಗೆ, "ನನ್ನ ಕೆಲಸಾನೇ, ಸ್ವಲ್ಪ ಚಿಕ್ಕ ಸೈಜು" ಎನ್ನುತ್ತಿದ್ದಳು. ತಮ್ಮ ಲಿಫ್ಟ್ ಮೆಕ್ಯಾನಿಕ್. ನಡುವೆ ಸಿಕ್ಕಿಕೊಂಡವರನ್ನು ಹೊರಗೆ ತೆಗೆಯುವುದರಲ್ಲಿ ಅವನದ್ದು ಎತ್ತಿದ ಕೈ. ಮನೆಯಲ್ಲಿ ಮಾತ್ರ ಬಾಯಿಗೆ ಬೀಗ. ನಾಲ್ಕನೆಯವಳು ಅವನ ಹೆಂಡತಿ, ಈ ಮನೆಯ ಸೊಸೆ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಅವಳದ್ದು. ಅಮ್ಮನ ಮೂಗಿನ ಮೇಲಿದ್ದ ಕನ್ನಡಕವೂ ಅವಳ ಕೈಯದ್ದೇ.

ಸೊಸೆಗೆ ಎರಡು ಬಸಿರು ಮೂರು ತಿಂಗಳು ತುಂಬುವ ಮೊದಲೇ ಇಳಿದುಹೋಗಿದ್ದವು. ಎರಡು ವರ್ಷದ ಹಿಂದೆ ಡಾಕ್ಟರು ಗಂಡ ಹೆಂಡಿರಿಬ್ಬರ ರಕ್ತವನ್ನೂ ಕ್ರೋಮೋಸೋಮು ಪರೀಕ್ಷೆಗೆ ಬರೆದುಕೊಟ್ಟರು. ಅದು ಬಂದದ್ದು ಅಕ್ಕನ ಮೇಜಿಗೇ. ಅಕ್ಕ ಕತ್ತರಿಸಿದಳು, ಜೋಡಿ ಕೂರಿಸಿದಳು, ಎಣಿಸಿದಳು. ಇಬ್ಬರದ್ದೂ ನಲವತ್ತಾರು, ಇಬ್ಬರದ್ದೂ ಗೋಡೆಯ ರಟ್ಟಿನ ಹಾಗೇ. ಅಂದು ಸಂಜೆ ಊಟಕ್ಕೆ ತಟ್ಟೆ ಹಾಕುವ ಹೊತ್ತಿನಲ್ಲಿ ರಿಪೋರ್ಟು ಬಿಚ್ಚಿ, ನಿಂತುಕೊಂಡು, ಸ್ವಲ್ಪ ಗತ್ತಿನಲ್ಲಿಯೇ ಓದಿದಳು.

"ಇಬ್ಬರದ್ದೂ ನಾರ್ಮಲ್. ನಾನೇ ಕೈಯಾರೆ ನೋಡಿದ್ದೀನಿ."

ರಿಪೋರ್ಟಿನ ಕೆಳಗೆ ಇನ್ನೊಂದು ಸಾಲಿತ್ತು. ಎಲ್ಲ ರಿಪೋರ್ಟಿನ ಕೆಳಗೂ ಇರುತ್ತಿದ್ದ, ಅಚ್ಚು ಹಾಕಿಸಿದ ಸಾಲು: ಈ ಬಣ್ಣದಲ್ಲಿ ಕಂಡಷ್ಟು ಮಟ್ಟಿಗೆ ಮಾತ್ರ, ತುಂಡುಗಳು ಒಳಗೇ ಅದಲುಬದಲಾಗಿದ್ದರೆ ಈ ವಿಧಾನದಲ್ಲಿ ಕಾಣಿಸದೆ ಇರಬಹುದು. ಸೊಸೆ ನೀರಿನ ಲೋಟ ಇಡುತ್ತ ಬಗ್ಗಿ, "ಕೆಳಗೇನೋ ಬರೆದಿದೆಯಲ್ಲ ಅಕ್ಕ" ಎಂದಳು. "ಅದು ಆಫೀಸಿನ ಬರಹ, ಎಲ್ಲದರಲ್ಲೂ ಇರುತ್ತೆ" ಎಂದು ಅಕ್ಕ ಕಾಗದ ಮಡಚಿಬಿಟ್ಟಳು. ಹಸಿವಾಗಿತ್ತು, ಸಾರು ಆರುತ್ತಿತ್ತು. ಅಷ್ಟೇ ಕಾರಣ.

ಅಮ್ಮನಿಗೆ ಅಷ್ಟು ಸಾಕಾಯಿತು. "ನಮ್ಮ ಹುಡುಗನ ರಕ್ತ ಚೊಕ್ಕ. ನನ್ನ ಮಗಳೇ ನೋಡಿದಾಳೆ" ಎಂಬ ಮಾತು ಮೆಟ್ಟಿಲ ಮೇಲೆ ಕೆಳಗೆ ಎಲ್ಲ ಓಡಾಡಿತು. ಸೊಸೆಯ ರಕ್ತವೂ ಅದೇ ಕಾಗದದಲ್ಲಿ ಚೊಕ್ಕವಾಗಿಯೇ ಇತ್ತಲ್ಲ ಎಂದು ಯಾರೂ ಕೇಳಲಿಲ್ಲ. ರಕ್ತ ಸರಿಯಿದ್ದರೆ ಹೊಟ್ಟೆ ಸರಿಯಿಲ್ಲ, ಲೆಕ್ಕ ಮುಗಿಯಿತು. ಕಹಿ ಕಷಾಯ ಶುರುವಾಯಿತು. ಮೆಟ್ಟಿಲು ಹತ್ತಬೇಡ, ಬಕೆಟ್ ಎತ್ತಬೇಡ, ಎಡಕ್ಕೆ ಹೊರಳಿ ಮಲಗಬೇಡ. ಸೊಸೆ ಎಲ್ಲಕ್ಕೂ ತಲೆಯಾಡಿಸಿದಳು. ಐದು ತಿಂಗಳ ಹಿಂದೆ ಮೂರನೆಯದೂ ಹೋಯಿತು.

ಆಮೇಲೆ ಅಮ್ಮ ಕಷಾಯ ಕಾಸುವುದನ್ನು ನಿಲ್ಲಿಸಿದಳು. ಅದು ಕಷಾಯಕ್ಕಿಂತ ಕಹಿಯಾಗಿತ್ತು. ಸೊಸೆಯ ಅಣ್ಣನಿಗೆ ಹೇಳಿಕಳಿಸಿದ್ದಾಯಿತು: ಬರುವ ಭಾನುವಾರ ಬಂದು ಕರೆದುಕೊಂಡು ಹೋಗಲಿ, ಅವರವರ ದಾರಿ ಅವರವರು ನೋಡಿಕೊಳ್ಳಲಿ. ತಮ್ಮ ನಟ್ಟು ಬೋಲ್ಟುಗಳ ಡಬ್ಬಿ ತೆಗೆದು ಒರೆಸುತ್ತ ಕೂತ.

ಆ ಭಾನುವಾರಕ್ಕೆ ಮೂರು ದಿನ ಇರುವಾಗ ಲ್ಯಾಬಿನಲ್ಲಿ ಹೊಸ ವಿಧಾನದ ಮೊದಲ ಫೋಟೋ ತೊಳೆದು ಬಂತು.

ಹೊಸ ವಿಧಾನ ಏನೆಂದರೆ, ಬಣ್ಣ ಹಾಕುವ ಮೊದಲು ಗಾಜಿನ ಪಟ್ಟಿಯನ್ನು ಜೀರ್ಣರಸದಂಥ ಒಂದು ದ್ರಾವಣದಲ್ಲಿ ಕೆಲವೇ ಸೆಕೆಂಡು ಅದ್ದುವುದು. ಹಳೆಯ ಬಣ್ಣದಲ್ಲಿ ಕ್ರೋಮೋಸೋಮುಗಳು ತಲೆಯಿಂದ ಕಾಲಿನವರೆಗೆ ಒಂದೇ ನೇರಳೆ. ಹೊಸದರಲ್ಲಿ ಒಂದೊಂದಕ್ಕೂ ಅದರದ್ದೇ ಅಡ್ಡಪಟ್ಟೆಗಳು ಮೂಡುತ್ತವೆ, ಕಪ್ಪು ಬಿಳಿ ಕಪ್ಪು. ಪ್ರಯೋಗಕ್ಕೆ ಯಾರ ರಕ್ತ ಎಂದು ಕೇಳಬೇಕಾಗಿಲ್ಲ.

ಅಕ್ಕ ಹುರುಪಿನಲ್ಲಿಯೇ ಕತ್ತರಿಸಿದಳು. ಪಟ್ಟೆ ಬಂದ ಮೇಲೆ ಕೆಲಸ ನೀರು ಕುಡಿದಷ್ಟು ಸುಲಭವಾಗಿತ್ತು. ಒಂದು, ಎರಡು, ಮೂರು, ನಾಲ್ಕು. ಐದನೆಯ ಜೋಡಿಯಲ್ಲಿ ಕೈ ನಿಂತಿತು. ಉದ್ದ ಸರಿಯಿದೆ, ಸೊಂಟ ಸರಿಯಿದೆ, ಮೇಲಿನಿಂದ ಪಟ್ಟೆಯೂ ಸರಿಯಿದೆ. ಬಾಲದ ತುದಿಯಲ್ಲಿ ಮಾತ್ರ ಒಂದಕ್ಕೆ ಕಪ್ಪಿದ್ದಲ್ಲಿ ಇನ್ನೊಂದಕ್ಕೆ ಬಿಳಿ. ಫೋಟೋ ಸರಿ ಬಂದಿಲ್ಲ ಎಂದುಕೊಂಡಳು. ಹನ್ನೊಂದನೆಯ ಜೋಡಿಯಲ್ಲೂ ಅದೇ ಕತೆ. ಐದರಲ್ಲಿ ಕಾಣೆಯಾದ ಬಾಲ ಹನ್ನೊಂದಕ್ಕೆ ಅಂಟಿಕೊಂಡಿತ್ತು, ಹನ್ನೊಂದರದ್ದು ಐದಕ್ಕೆ. ಎರಡು ತುಂಡೂ ಒಂದೇ ಅಳತೆಯವು. ಅದಕ್ಕೇ ಹಳೆಯ ಬಣ್ಣದಲ್ಲಿ ಹದಿನೆಂಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇನ್ನೊಂದು ಜೀವಕೋಶದ ಫೋಟೋ ತೆಗೆದಳು. ಮತ್ತೊಂದು. ಹತ್ತು ತೆಗೆದಳು. ಹತ್ತರಲ್ಲೂ ಅದೇ ನಾಲ್ಕು, ಅದೇ ಜಾಗದಲ್ಲಿ ಜಗಳ. ಗೋಡೆಯ ಮೇಲೆ ಚೌಕಟ್ಟಿನೊಳಗೆ 'ನಾರ್ಮಲ್' ಅವಳನ್ನೇ ನೋಡುತ್ತಿತ್ತು. ಅವಳು ಹೆದರಿದ್ದು ತನಗಾಗಿ ಅಲ್ಲ. ಇದು ತನಗೆ ಆಕಾಶದಿಂದ ಉದುರಿರಲಾರದು. ಅಪ್ಪನಿಂದಲೋ ಅಮ್ಮನಿಂದಲೋ ಬಂದಿರಬೇಕು. ತನಗೆ ಬಂದಿದ್ದರೆ ತಮ್ಮನಿಗೂ ಬಂದಿರಬಹುದು. ತಮ್ಮನ ಹಳೆಯ ರಟ್ಟಿನ ಮೇಲೆ 'ನಾರ್ಮಲ್' ಎಂದು ಬರೆದ ಕೈ ಇದೇ.

ದೊಡ್ಡ ಡಾಕ್ಟರಮ್ಮ ಹತ್ತೂ ಫೋಟೋ ನೋಡಿ ಕನ್ನಡಕ ತೆಗೆದಿಟ್ಟರು.

"ನಿನಗೇನೂ ಆಗಲ್ಲ. ನಿನ್ನ ಹತ್ರ ಎಲ್ಲಾ ತುಂಡೂ ಇದೆ, ಜಾಗ ಬದಲಾಗಿದೆ ಅಷ್ಟೇ," ಎಂದರು.

"ತಮ್ಮನ ಹಳೇ ಸ್ಯಾಂಪಲ್ ಬೀರುವಿನಲ್ಲೇ ಇದೆ ಮೇಡಂ. ಪಟ್ಟೆ ಬರಿಸಿ ನೋಡ್ಲಾ?"

"ಅವನು ಬಂದು ಸಹಿ ಹಾಕದೆ ಮುಟ್ಟೋ ಹಾಗಿಲ್ಲ. ನಿನಗೆ ಗೊತ್ತಿಲ್ದೇ ಇರೋದಾ? ನಿನ್ನದು ನಿನ್ನ ಇಷ್ಟ, ಯಾರಿಗೆ ಬೇಕಾದ್ರೂ ತೋರಿಸ್ಕೋ. ಅವನದ್ದು ಅವನು ಕೇಳಬೇಕು."

ಶುಕ್ರವಾರ ಸಂಜೆ ಅಕ್ಕ ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ತಮ್ಮನಿಗಾಗಿ ಕಾದು ನಿಂತಳು. ಮನೆಯೊಳಗೆ ಗುಟ್ಟು ಮಾತಾಡಲು ಜಾಗವೇ ಇರಲಿಲ್ಲ. ಊರಿನ ಲಿಫ್ಟುಗಳನ್ನೆಲ್ಲ ಸರಿಮಾಡುವವನ ಕಟ್ಟಡದಲ್ಲಿ ಲಿಫ್ಟಿರಲಿಲ್ಲ. ಅವನು ಗ್ರೀಸು ಮೆತ್ತಿದ ಕೈ ಒರೆಸಿಕೊಳ್ಳುತ್ತ ಬಂದು ಮೆಟ್ಟಿಲ ಮೇಲೆ ಕೂತ. ಅಕ್ಕ ನಡೆದದ್ದನ್ನೆಲ್ಲ ಹೇಳಿದಳು.

"ನನಗೆ ಅರ್ಥ ಆಗೋ ಹಾಗೆ ಹೇಳು," ಎಂದ.

"ಮಗು ಆಗೋದಕ್ಕೆ ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಬೇಕಲ್ಲ. ಆ ಅರ್ಧ ಮಾಡೋ ಕೆಲಸಕ್ಕೆ ಮಿಯೋಸಿಸ್ ಅಂತಾರೆ. ಮೊದಲು ಜೋಡಿಗಳು ಪಕ್ಕಪಕ್ಕ ಅಂಟಿಕೊಂಡು ನಿಲ್ತವೆ. ನಿಂತು ತಮ್ಮತಮ್ಮಲ್ಲೇ ತುಂಡು ಅದಲುಬದಲು ಮಾಡ್ಕೊಳ್ತವೆ. ಆಮೇಲೆ ಒಂದು ಈ ಕಡೆ, ಒಂದು ಆ ಕಡೆ. ಯಾವುದು ಯಾವ ಕಡೆ ಹೋಗುತ್ತೆ ಅನ್ನೋದು ಯಾರ ಕೈಲೂ ಇಲ್ಲ. ಇಪ್ಪತ್ಮೂರು ಜೋಡಿನೂ ಹಾಗೇ. ಬರೀ ಆ ಕಡೆ ಈ ಕಡೆ ಹಿಡಿದ್ರೇನೇ ಎಂಬತ್ತು ಲಕ್ಷಕ್ಕೂ ಮೇಲೆ ಥರ ಆಗುತ್ತೆ. ಅದಕ್ಕೇ ಒಂದೇ ಹೊಟ್ಟೇಲಿ ಹುಟ್ಟಿದ್ರೂ ನೀನೇ ಬೇರೆ ನಾನೇ ಬೇರೆ."

"ಅಪ್ಪನ ಮೂಗು ನಿನಗೆ ಬಂತು, ಗೊರಕೆ ನನಗೆ ಬಂತು."

"ಹೂಂ, ಅದೇ. ತನ್ನ ಜೊತೆಗಾರನ ಹತ್ರ ಬದಲಾಯಿಸ್ಕೊಂಡ್ರೆ ಏನೂ ತೊಂದರೆ ಇಲ್ಲ. ನಮ್ಮ ಮನೇಲಿ ಯಾರಿಗೋ ಯಾವಾಗ್ಲೋ ಸಂಬಂಧ ಇಲ್ದೇ ಇರೋ ಎರಡರ ನಡುವೆ ಬದಲಾಗಿಬಿಟ್ಟಿದೆ. ಈಗ ಅರ್ಧ ಮಾಡೋ ಹೊತ್ತಿಗೆ ಆ ನಾಲ್ಕೂ ಒಂದಕ್ಕೊಂದು ಸಿಕ್ಕಿಹಾಕ್ಕೊಳ್ತವೆ. ಸರಿಯಾಗಿ ಬಿಡಿಸ್ಕೊಂಡ್ರೆ ಮಗು ಚೆನ್ನಾಗಿರುತ್ತೆ. ತಪ್ಪಿದ್ರೆ ಒಂದು ತುಂಡು ಜಾಸ್ತಿ, ಒಂದು ತುಂಡು ಕಮ್ಮಿ. ಅಂಥದ್ದು ಹೊಟ್ಟೇಲಿ ನಿಲ್ಲಲ್ಲ. ಹೊತ್ತವಳ ತಪ್ಪು ಅದರಲ್ಲಿ ಇಷ್ಟೂ ಇರಲ್ಲ."

ತಮ್ಮ ಉಗುರಿನ ಸಂದಿಯ ಗ್ರೀಸು ಕೆರೆದ.

"ನನಗಿದೆ ಅಂತ ಗ್ಯಾರಂಟಿನಾ?"

"ಇರಬಹುದು, ಇಲ್ದೇನೂ ಇರಬಹುದು. ನೀನು ಬಂದು ಸಹಿ ಹಾಕಿದ್ರೆ ಗೊತ್ತಾಗುತ್ತೆ. ಬಿಡಿಸ್ಕೊಳ್ಳೋದು ಪ್ರತಿ ಸಲಾನೂ ಹೊಸದಾಗೇ ನಡೆಯುತ್ತೆ ಕಣೋ. ಮುಂದಿನ ಸಲ ಸರಿಹೋಗಲೂಬಹುದು. ನಾಳೇನೇ ಬಾ."

"ಇಷ್ಟು ದಿನ ಅವಳಿಗೆ ಅಂದ್ರು. ಇನ್ಮೇಲೆ ನನಗೆ ಅಂತಾರೆ." ಅವನು ಮೇಲಿನ ಬಾಗಿಲ ಕಡೆ ನೋಡಿ ದನಿ ಇಳಿಸಿದ. "ಅಮ್ಮನಿಗೆ ಹೇಳಬೇಡ. ಭಾನುವಾರ ಕಳೀಲಿ, ಅಕ್ಕ."

ಅಕ್ಕನಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸುವ ಯೋಗ್ಯತೆ ತನಗೆಲ್ಲಿದೆ ಎಂದೂ ಅನಿಸಿತು. ಅವನು ಮುಚ್ಚಿಡೋಣ ಎಂದದ್ದು ಈಗ. ತಾನು ಕಾಗದ ಮಡಚಿ ಎರಡು ವರ್ಷವಾಗಿತ್ತು.

ಶನಿವಾರವಿಡೀ ಅವಳು ಅಡಕತ್ತರಿಯಲ್ಲಿ ಸಿಕ್ಕವಳ ಹಾಗೆ ಓಡಾಡಿದಳು. ಹೇಳಿದರೆ ತಮ್ಮನ ಮಾತು ಮೀರಿದಂತೆ. ಅವನಿಗೆ ಇಲ್ಲವೆಂದು ಆಮೇಲೆ ಗೊತ್ತಾದರೆ ಸುಮ್ಮನೆ ಮನೆಗೆ ಬೆಂಕಿ ಇಟ್ಟಂತೆ. ಹೇಳದಿದ್ದರೆ ನಾಳೆ ಒಬ್ಬ ಹೆಣ್ಣುಮಗಳು ಮಾಡದ ತಪ್ಪನ್ನು ಬ್ಯಾಗಿನಲ್ಲಿ ತುಂಬಿಕೊಂಡು ಮೆಟ್ಟಿಲಿಳಿಯುತ್ತಾಳೆ. ಲ್ಯಾಬಿನ ಮೊಳೆ ಹೊಡೆದ ಕಿಟಕಿಯನ್ನು ಅವತ್ತು ಮೊದಲ ಸಲ ಎರಡೂ ಕೈಯಿಂದ ಎಳೆದು ನೋಡಿದಳು. ಅದು ಜಪ್ಪಯ್ಯ ಅನ್ನಲಿಲ್ಲ. ಮನೆಗೆ ಬಂದರೆ ಸೊಸೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಒರೆಸಿ, ಯಾವುದರಲ್ಲಿ ಏನಿದೆ ಎಂದು ಚೀಟಿ ಅಂಟಿಸುತ್ತಿದ್ದಳು, ತಾನು ಹೋದ ಮೇಲೆ ಹುಡುಕಾಡಬಾರದಲ್ಲ. "ಉಪ್ಪಿನ ಡಬ್ಬಿ ಕೆಳಗಡೆ ಇಟ್ಟಿದ್ದೀನಿ ಅಕ್ಕ," ಎಂದಳು. ಅಕ್ಕ ಹೂಂ ಎಂದಳು. ಅವಳ ಕೈಚೀಲದಲ್ಲಿ ಒಂದು ಲಕೋಟೆಯಿತ್ತು, ಅದರೊಳಗೆ ತನ್ನದೇ ಫೋಟೋದಿಂದ ಕತ್ತರಿಸಿದ ನಲವತ್ತಾರು ಚೂರುಗಳು. ನಿನ್ನದು ನಿನ್ನ ಇಷ್ಟ ಎಂದಿದ್ದರಲ್ಲ ಡಾಕ್ಟರಮ್ಮ. ಆ ಒಂದು ಬಾಗಿಲು ಮಾತ್ರ ತೆರೆದಿತ್ತು.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಅಮ್ಮ ಊಟದ ಮೇಜಿನ ಮೇಲೆ ಒಗೆದ ಬಟ್ಟೆ ಮಡಚುತ್ತಿದ್ದಳು. ಸೊಸೆಯ ಅಣ್ಣ ಹನ್ನೊಂದಕ್ಕೆ ಬರುವವನಿದ್ದ. ಸೊಸೆಯ ಬ್ಯಾಗು ಬಾಗಿಲ ಹತ್ತಿರ. ಅಕ್ಕ ಬಟ್ಟೆಗಳನ್ನು ಒಂದು ಕಡೆ ಸರಿಸಿ ಲಕೋಟೆ ಸುರಿದಳು.

"ಅಮ್ಮ, ಇವನ್ನ ಸ್ವಲ್ಪ ಜೋಡಿ ಮಾಡಿಕೊಡ್ತೀಯಾ?"

"ನಿಮ್ಮ ಆಫೀಸಲ್ಲಿ ಎಲ್ರಿಗೂ ಕೈ ಬಿದ್ದುಹೋಯ್ತಾ?" ಎಂದಳು ಅಮ್ಮ. ಆದರೆ ಕನ್ನಡಕ ಆಗಲೇ ಮೂಗಿಗೇರಿತ್ತು. ಮೂವತ್ತು ವರ್ಷದ ಕಸುಬು, ಎದುರಿಗೆ ರಾಶಿ ಬಿದ್ದರೆ ಕೈ ಸುಮ್ಮನಿರುವುದಿಲ್ಲ. ಚೂರುಗಳನ್ನು ಒಮ್ಮೆ ಹರವಿ, "ಓ, ಪಟ್ಟೆ ಬಂದಿದೆಯಲ್ಲ ಈಗ, ನಮ್ಮ ಮಿಲ್ಲಿನ ಮಕ್ಕಳ ಚೀಲದ ಥರ," ಎಂದಳು. ದೊಡ್ಡವು ಮೇಲೆ, ಚಿಕ್ಕವು ಕೆಳಗೆ. ಬೆರಳ ತುದಿಯಿಂದ ಒಂದನ್ನು ದೂಡಿಕೊಂಡು ಹೋಗಿ ಇನ್ನೊಂದರ ಪಕ್ಕ ನಿಲ್ಲಿಸುವಳು, ತಲೆ ಓರೆ ಮಾಡಿ ನೋಡುವಳು, ಮುಂದಿನದು. ಅಕ್ಕನಿಗೆ ಆ ಓರೆ ತಲೆ ಎಲ್ಲಿಂದಲೋ ಗೊತ್ತಿದೆ ಅನಿಸಿತು. ಮೈಕ್ರೋಸ್ಕೋಪಿನ ಪಕ್ಕದ ಗಾಜಿನಲ್ಲಿ ದಿನವೂ ಕಾಣುವ ತನ್ನದೇ ತಲೆ ಅದು. ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ತಮ್ಮ ಒಳಕೋಣೆಯಿಂದ ಬಂದವನು ಮೇಜು ನೋಡಿ ನಿಂತಲ್ಲೇ ನಿಂತ.

ಅರ್ಧ ಗಂಟೆಗೆ ಇಪ್ಪತ್ತೊಂದು ಜೋಡಿ ಕೂತವು. ನಾಲ್ಕು ಉಳಿದವು.

ಅಮ್ಮ ಅವನ್ನು ಹಿಂದೆ ಮುಂದೆ ಮಾಡಿದಳು, ತಿರುಗಿಸಿದಳು, ಬದಲಿಸಿದಳು. "ಉದ್ದ ಸರಿಹೋಗುತ್ತೆ, ಪಟ್ಟೆ ಸರಿಹೋಗಲ್ಲ. ಇವು ಕೂರಲ್ಲ ಕಣೆ. ನೋಡು, ಇದರ ತುದಿ ಇದರದ್ದಲ್ಲ, ಅದರದ್ದು. ಯಾರೋ ಎರಡು ಚೀಲದ ಬೆರಳು ಕತ್ತರಿಸಿ ಅದಲುಬದಲು ಹೊಲಿದ ಹಾಗಿದೆ. ನಮ್ಮ ಮಿಲ್ಲಲ್ಲಾಗಿದ್ರೆ ನಾಲ್ಕೂ ಒಂಟಿ ಬುಟ್ಟಿಗೆ ಹಾಕ್ತಿದ್ವಿ." ಕನ್ನಡಕದ ಮೇಲಿನಿಂದ ನೋಡಿದಳು. "ಯಾರದ್ದೇ ಇದು, ಪಾಪ?"

"ನಂದು."

"ನಿಂದು ನಾರ್ಮಲ್ಲು ಅಲ್ವಾ?"

"ಹಳೇ ಬಣ್ಣದಲ್ಲಿ ನಾರ್ಮಲ್ಲು. ನೀನು ಈಗ ಕಂಡಿದ್ದು ನನಗೆ ಹದಿನೆಂಟು ವರ್ಷ ಕಾಣಲಿಲ್ಲ ಅಮ್ಮ." ಅಕ್ಕ ಮೇಜಿನ ಅಂಚು ಹಿಡಿದುಕೊಂಡಳು. "ಹೀಗಿರೋರಿಗೆ ಏನೂ ಆಗಲ್ಲ. ಅವರ ಮಕ್ಕಳಲ್ಲಿ ಕೆಲವು ನಿಲ್ತವೆ, ಕೆಲವು ಎರಡು ಮೂರು ತಿಂಗಳಿಗೆ ಇಳಿದುಹೋಗ್ತವೆ. ಗಂಡಸಿಗಿದ್ರೂ ಅಷ್ಟೇ, ಹೆಂಗಸಿಗಿದ್ರೂ ಅಷ್ಟೇ. ನನಗೆ ಹುಟ್ಟುತ್ತಾನೇ ಬಂದಿದೆ. ಇವನಿಗೂ ಬಂದಿರಬಹುದು."

ಅಮ್ಮನ ಕೈ ನಾಲ್ಕು ಚೂರುಗಳ ಮೇಲೇ ಇತ್ತು. "ನಿಮ್ಮಪ್ಪನ ಕಡೆಯಿಂದ ಬಂದಿರುತ್ತೆ," ಎಂದಳು. ಸತ್ತವರ ತಲೆಗೆ ಕಟ್ಟುವುದು ಸುಲಭ. ಅವರು ರಕ್ತ ಕೊಡಲು ಬರುವುದಿಲ್ಲ.

"ಬಂದಿರಬಹುದು," ಎಂದಳು ಅಕ್ಕ. "ನನಗೂ ಇವನಿಗೂ ಏಳು ವರ್ಷ ಅಂತರ, ಅಮ್ಮ."

ಆ ಏಳು ವರ್ಷದ ಕತೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ನಡುವೆ ಎರಡು ಬಸಿರು ಹೋದವು, ಅತ್ತೆ ಎಂಬವಳು ಬಂದವರ ಮುಂದೆಲ್ಲ ನನ್ನನ್ನು ಸೋರುವ ಕೊಡ ಎಂದಳು, ಹಲ್ಲು ಕಚ್ಚಿ ಸಹಿಸಿದೆ, ಕೊನೆಗೆ ಗಂಡು ಹೆತ್ತು ತೋರಿಸಿದೆ ಎಂದು ಅಮ್ಮ ನೂರು ಸಲ ಹೇಳಿದ್ದಳು. ನೂರು ಸಲವೂ ಅದು ಗೆದ್ದವಳ ಕತೆಯಾಗಿತ್ತು. ಈಗ ಅವಳು ಚೂರುಗಳ ಮೇಲಿದ್ದ ಕೈಯನ್ನು ಹಿಂದೆಗೆದುಕೊಂಡಳು.

"ಅಕ್ಕ ನನಗೆ ಶುಕ್ರವಾರಾನೇ ಹೇಳಿದ್ಲು," ಎಂದ ತಮ್ಮ. ಅವನು ಯಾರನ್ನೂ ನೋಡುತ್ತಿರಲಿಲ್ಲ. "ಭಾನುವಾರ ಕಳೀಲಿ ಅಂತ ನಾನೇ ಅಂದೆ."

ಸೊಸೆ ಗಂಡನ ಕಡೆ ಒಮ್ಮೆ ನೋಡಿದಳು. ಬಾಗಿಲ ಹತ್ತಿರ ಹೋಗಿ ಬ್ಯಾಗಿನ ಜಿಪ್ಪು ಎಳೆದು, ಸೀರೆಗಳ ಕೆಳಗಿನಿಂದ ಒಂದು ಕಾಗದ ತೆಗೆದಳು. ಮಡಿಕೆಯ ಜಾಗಗಳಲ್ಲಿ ಅದು ಹರಿದು, ಹಿಂದಿನಿಂದ ಟೇಪು ಹಚ್ಚಿತ್ತು. ಎರಡು ವರ್ಷದ ಹಿಂದಿನ ರಿಪೋರ್ಟು.

"ಇದರ ಕೊನೆ ಸಾಲು ನನಗೆ ಬಾಯಿಪಾಠ ಆಗಿದೆ ಅಕ್ಕ," ಎಂದಳು. "ಅವತ್ತು ನೀವು ಓದ್ಲಿಲ್ಲ. ಮಾರನೇ ದಿನ ಅಂಗಡೀಲಿ ಕೂತು ನಾನೇ ಓದಿದೆ. ಅರ್ಥಾನೂ ಆಯ್ತು, ನಾನು ದಿನಾ ಮಾಡೋದು ಅದೇ ಕೆಲಸ, ಒಂದು ಗಾಜಲ್ಲಿ ಕಾಣದೇ ಇರೋದು ಇನ್ನೊಂದರಲ್ಲಿ ಕಾಣುತ್ತೆ."

"ಮತ್ತೆ ನೀನ್ಯಾಕೆ ಹೇಳಲಿಲ್ಲ?" ಎಂದಳು ಅಕ್ಕ.

"ನಾನು ಹೇಳಿದ್ರೆ ನೆಪ ಅಂತಿದ್ರು. ನೀವು ಹೇಳಿದ್ರೆ ರಿಪೋರ್ಟು. ಇವತ್ತು ಓದ್ತಾರೆ, ನಾಳೆ ಓದ್ತಾರೆ ಅಂತ ಕಾದೆ. ಆ ಕಷಾಯ ಕುಡಿಯೋವಾಗೆಲ್ಲ ನಿಮ್ಮ ಮುಖಾನೇ ನೋಡ್ತಿದ್ದೆ." ಅವಳು ಕಾಗದವನ್ನು ಮೇಜಿನ ಮೇಲೆ ಇಪ್ಪತ್ತೊಂದು ಜೋಡಿಗಳ ಪಕ್ಕ ಇಟ್ಟಳು. "ಈಗ ಓದಿ ಅಕ್ಕ. ಅವತ್ತು ಓದಿದ್ರಲ್ಲ, ಅಷ್ಟೇ ಗಟ್ಟಿಯಾಗಿ."

ಅಕ್ಕ ನಿಂತುಕೊಂಡೇ ಓದಿದಳು. ಈ ಬಣ್ಣದಲ್ಲಿ ಕಂಡಷ್ಟು ಮಟ್ಟಿಗೆ ಮಾತ್ರ. ತುಂಡುಗಳು ಒಳಗೇ ಅದಲುಬದಲಾಗಿದ್ದರೆ ಈ ವಿಧಾನದಲ್ಲಿ ಕಾಣಿಸದೆ ಇರಬಹುದು. ಓದಲು ಹತ್ತು ಸೆಕೆಂಡು ಹಿಡಿಯಿತು. ಸಾರು ಆರುವಷ್ಟೂ ಹೊತ್ತಲ್ಲ. ಓದಿ ಮುಗಿಸುವಾಗ ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ನಾಚಿಕೆಯಾಯಿತು.

ಹನ್ನೊಂದಕ್ಕೆ ಸರಿಯಾಗಿ ಕೆಳಗಿನಿಂದ ಅಣ್ಣನ ದನಿ ಕೇಳಿತು. ಅಮ್ಮ ತಲೆ ಎತ್ತದೆ, "ಇನ್ನು ಹೋಗೋದೇನೂ ಬೇಡ," ಎಂದಳು.

"ಹೋಗ್ತೀನಿ ಅತ್ತೆ," ಎಂದಳು ಸೊಸೆ. "ಕಳಿಸಿದ್ದಕ್ಕಲ್ಲ, ನನಗೇ ಹೋಗಬೇಕು ಅನಿಸಿದೆ. ವಾಪಸು ಬರೋ ವಿಷಯ ಆಮೇಲೆ ನೋಡೋಣ." ಚಪ್ಪಲಿ ಮೆಟ್ಟಿಕೊಂಡು ಬಾಗಿಲು ದಾಟಿದಳು. ಬ್ಯಾಗನ್ನು ಎತ್ತಿಕೊಳ್ಳಲಿಲ್ಲ, ಮರೆತಳೋ ಬೇಕೆಂದೇ ಬಿಟ್ಟಳೋ ತಿಳಿಯದು. ತಮ್ಮ ಒಂದು ಕ್ಷಣ ಅದನ್ನೇ ನೋಡುತ್ತ ನಿಂತ. ಆಮೇಲೆ ಎತ್ತಿ ಹೆಗಲಿಗೇರಿಸಿಕೊಂಡು ಅವಳ ಹಿಂದೆ ಇಳಿದ. ಮೂರು ಮಹಡಿಯ ಮೆಟ್ಟಿಲಲ್ಲಿ ಎರಡು ಜೊತೆ ಹೆಜ್ಜೆಗಳು ಕೇಳಿಸಿದವು, ನಡುವೆ ಸಾಕಷ್ಟು ಅಂತರ ಇತ್ತು.

ಮನೆಯಲ್ಲಿ ತಾಯಿ ಮಗಳು ಇಬ್ಬರೇ ಉಳಿದರು. ಅಮ್ಮ ಆ ನಾಲ್ಕು ಚೂರುಗಳನ್ನು ಮತ್ತೆ ಮತ್ತೆ ಪಕ್ಕಪಕ್ಕ ಇಡುತ್ತಿದ್ದಳು. ಕೂರುವುದಿಲ್ಲವೆಂದು ಗೊತ್ತಿದ್ದೂ ಇಡುತ್ತಿದ್ದಳು. ಕೊನೆಗೆ ಕನ್ನಡಕ ತೆಗೆದು, ಗಾಜನ್ನು ಸೆರಗಿನಿಂದ ಒರೆಸಿ, ಅದನ್ನು ಕೈಯಲ್ಲೇ ಹಿಡಿದುಕೊಂಡಳು.

"ನಾಳೆ ಎಷ್ಟು ಹೊತ್ತಿಗೆ ರಕ್ತ ತೆಗೀತೀರಿ ನಿಮ್ಮಲ್ಲಿ?"

"ಎಂಟಕ್ಕೆ. ಮೂರು ದಿನ ಆಗುತ್ತೆ ಗೊತ್ತಾಗೋಕೆ."

ಅಮ್ಮ ರವಿಕೆಯ ತೋಳನ್ನು ಈಗಲೇ ಮೇಲಕ್ಕೆ ಸರಿಸಿ, ಸುಕ್ಕುಗಟ್ಟಿದ ಕೈಯನ್ನು ಜೋಡಿಗಳ ಪಕ್ಕ ಮೇಜಿನ ಮೇಲೆ ಚಾಚಿದಳು.

"ನಂದೇ ಅಂತ ಬಂದ್ರೆ, ನೀನೇ ಹೋಗಿ ಆ ಹುಡುಗಿಗೆ ಓದಿ ಹೇಳು," ಎಂದಳು. "ಕೊನೆ ಸಾಲೂ ಸೇರಿಸಿ."